ಸೊನ್ನೆಗೆ ಬಾರದ ಮುಳ್ಳು

ನಮ್ಮ ಮನೆಯಲ್ಲಿ ದಪ್ಪ ಬೆರಳಿನವನು ನಾನೊಬ್ಬನೇ. ಅಪ್ಪ ಉಲಿಸ್ ಬೆರ್ನೆ ಕೈಗಡಿಯಾರದ ಯಂತ್ರಗಳಿಗೆ ನಕ್ಷೆ ಬರೆದವರು. ಅಮ್ಮ ಕ್ಲೆಮಾನ್ಸ್ ಬದುಕಿರುವ ತನಕ ಅಡುಗೆಮನೆಯ ಕಿಟಕಿಯ ಪಕ್ಕ ಕೂತು ಆ ಯಂತ್ರಗಳ ಉಕ್ಕಿನ ಚೂರುಗಳಿಗೆ ಹೊಳಪು ಕೊಟ್ಟವಳು. ಅವಳು ಹೋದ ಮೇಲೆ ನನ್ನ ಹೆಂಡತಿ ಎದ್ಮೆ ಅದೇ ಕಿಟಕಿ, ಅದೇ ಕುರ್ಚಿಯಲ್ಲಿ ಅದೇ ಕೆಲಸ ಮಾಡಿದಳು. ಮಗಳು ಸಿಲ್ವಿಯಾನ್ ಕಾರ್ಖಾನೆಯಲ್ಲಿ ಯಂತ್ರ ಜೋಡಿಸುತ್ತಾಳೆ. ನಾನು ಸೋಲಿಯಾ ಊರಿನಿಂದ ಸರೋವರದ ಸುತ್ತ ಬಸ್ಸು ಓಡಿಸುತ್ತೇನೆ. "ಇವನ ಬೆರಳನ್ನ ದೇವರು ಸ್ಟೀರಿಂಗ್ ಹಿಡಿಯೋಕೇ ಅಂತ ಮಾಡಿದ್ದು" ಎಂದು ಅಪ್ಪ ನೆಂಟರಿಷ್ಟರ ಎದುರು ಹೇಳಿ ನಗುತ್ತಿದ್ದರು. ಇರಲಿ ಬಿಡಿ. ಮೈನಸ್ ಇಪ್ಪತ್ತೈದರ ಚಳಿಯಲ್ಲಿ ಕಾರ್ಖಾನೆಯವರನ್ನೆಲ್ಲ ಕೆಲಸಕ್ಕೆ ಮುಟ್ಟಿಸಿದ್ದು ಇದೇ ಬೆರಳುಗಳು.

ಅಪ್ಪನ ನಕ್ಷೆಗಳಲ್ಲೆಲ್ಲ ದೊಡ್ಡದು 'ಹದಿಮೂರು'. ನಮ್ಮ ಕಣಿವೆಯ ಹಳೇ ಅಳತೆಯಲ್ಲಿ ಅದರ ಅಗಲ ಹದಿಮೂರು ಗೆರೆ, ಅದಕ್ಕೇ ಆ ಹೆಸರು. ಅದು ಬರೀ ಹೊತ್ತು ತೋರಿಸುವ ಯಂತ್ರವಲ್ಲ, ಕ್ರೋನೋಗ್ರಾಫ್. ಬದಿಯ ಗುಂಡಿ ಒತ್ತಿದರೆ ಉದ್ದನೆಯ ಮುಳ್ಳೊಂದು ಹೊರಟು ಸೆಕೆಂಡು ಎಣಿಸುತ್ತದೆ, ಪಕ್ಕದ ಪುಟ್ಟ ಮುಳ್ಳು ನಿಮಿಷ ಎಣಿಸುತ್ತದೆ. ಇನ್ನೊಮ್ಮೆ ಒತ್ತಿದರೆ ಎರಡೂ ನಿಲ್ಲುತ್ತವೆ. ಕೆಳಗಿನ ಗುಂಡಿ ಒತ್ತಿದರೆ ಎರಡೂ ಒಟ್ಟಿಗೆ ಹಾರಿ ಸೊನ್ನೆಗೆ ಬರುತ್ತವೆ. ಆ ಹಾರಿ ಬರುವುದರಲ್ಲೇ ಇತ್ತು ಹದಿಮೂರರ ಗತ್ತು. ಬೇರೆಯವರ ಯಂತ್ರಗಳಲ್ಲಿ ಮುಳ್ಳು ಬಂದು ಸ್ವಲ್ಪ ಅಳುಕುತ್ತಿತ್ತು. ನಮ್ಮದರಲ್ಲಿ 'ಟಿಕ್' ಅಂತ ಒಂದೇ ಶಬ್ದ, ಮುಳ್ಳು ಕೂದಲೆಳೆಯಷ್ಟೂ ಆಚೀಚೆ ಇಲ್ಲದೆ ಸೊನ್ನೆಯ ಮೇಲೆ. ವಿಮಾನ ಓಡಿಸುವವರು, ನಾಡಿ ಎಣಿಸುವ ವೈದ್ಯರು, ಹಿಮಜಾರಾಟದಲ್ಲಿ ಗೆದ್ದವರನ್ನು ತೀರ್ಮಾನಿಸುವವರು, ಎಲ್ಲರ ಕೈಯಲ್ಲೂ ಅದಿತ್ತು. ಗಡಿಯಾರದ ಮುಖದ ಮೇಲೆ ಜಿನೀವಾದ ಕಂಪನಿಯವರ ಹೆಸರು, ಹೊಟ್ಟೆಯೊಳಗೆ ನಮ್ಮ ಕೆಲಸ. ಅದಕ್ಕೆ ನಾವ್ಯಾರೂ ಬೇಜಾರು ಮಾಡಿಕೊಂಡವರಲ್ಲ.

ಇಪ್ಪತ್ತೆರಡು ವರ್ಷ, ಇಪ್ಪತ್ತಾರು ಸಾವಿರ ಯಂತ್ರ. ಎಪ್ಪತ್ತಾರರಲ್ಲಿ ಬ್ಯಾಟರಿ ಗಡಿಯಾರ ಬಂದು ಎಲ್ಲ ಮಕಾಡೆ ಮಲಗಿತು. ಕಾರ್ಖಾನೆಯವರು ಹದಿಮೂರನ್ನು ನಿಲ್ಲಿಸಿ ಹಳೇ ಯಂತ್ರಗಳನ್ನು ಗುಜರಿಗೆ ಹಾಕಿದರು. ಹತ್ತು ವರ್ಷ ಕಳೆಯುವಷ್ಟರಲ್ಲಿ ಮಿಲಾನಿನ ಶೋಕಿವಾಲರು ಹಳೇ ಹದಿಮೂರನ್ನು ಹುಡುಕಿಕೊಂಡು ನನ್ನ ಬಸ್ಸಿನಲ್ಲೇ ಬರತೊಡಗಿದರು. ಅವರು ಸೀಟಿನಲ್ಲಿ ಕೂತು ಗುಂಡಿ ಒತ್ತುವುದು, ಕಿವಿಗೆ ಹಿಡಿಯುವುದು, ಮತ್ತೆ ಒತ್ತುವುದು. ನಾನು ಕನ್ನಡಿಯಲ್ಲಿ ನೋಡಿ ಮೀಸೆ ತಿರುವುತ್ತಿದ್ದೆ. ಎಂಬತ್ತೇಳರ ಏಪ್ರಿಲ್‌ನ ಬಾಸೆಲ್ ಗಡಿಯಾರ ಮೇಳಕ್ಕೆ ಹದಿಮೂರನ್ನು ಹೊಸದಾಗಿ ಇನ್ನೂರು ಮಾಡುವುದೆಂದು ಕಾರ್ಖಾನೆ ತೀರ್ಮಾನಿಸಿತು. ಆ ಕೆಲಸಕ್ಕೆ ಆರಿಸಿದ ಆರು ಜನರಲ್ಲಿ ನಮ್ಮ ಸಿಲ್ವಿಯಾನ್ ಒಬ್ಬಳು.

ಅಪ್ಪನಿಗೆ ಎಂಬತ್ತು ವರ್ಷ. ಅವರ ಬಾಯಲ್ಲಿ ಎರಡು ಮಾತು ಸದಾ ಇದ್ದವು. ಮೊದಲನೆಯದು ಹೆಮ್ಮೆಯದು. ಪ್ರತಿ ನಕ್ಷೆಯ ಬಲ ಮೂಲೆಯಲ್ಲಿ ತಿದ್ದುಪಡಿಗೆಂದು ಖಾನೆಗಳಿರುತ್ತವೆ, ಏನು ತಿದ್ದಿದರು, ಯಾರು, ಯಾವಾಗ ಎಂದು ಬರೆಯಲು. "ನನ್ನ ಹದಿಮೂರರ ಖಾನೆ ಖಾಲಿ ಕಣ್ರೋ! ಇಪ್ಪತ್ತೆರಡು ವರ್ಷ ಒಂದು ಗೆರೆ ತಿದ್ದಿಲ್ಲ. ಕಣಿವೇಲಿ ಇನ್ನೊಂದು ಅಂಥದ್ದು ತೋರಿಸಿ ನೋಡೋಣ."

ಎರಡನೆಯದು ಅಮ್ಮನ ಮೇಲಿನ ಮುನಿಸು. ಐವತ್ನಾಲ್ಕರ ಫೆಬ್ರವರಿಯಲ್ಲಿ ಹದಿಮೂರು ಒಪ್ಪಿಗೆಯಾದಾಗ ಕಾರ್ಖಾನೆಯವರು ಹೆಪ್ಪುಗಟ್ಟಿದ ಸರೋವರದ ಮೇಲೇ ಮೇಜು ಹಾಕಿ, ಬಿಳಿ ವೈನ್ ಹಂಚಿ, ಬ್ಯಾಂಡು ಬಾರಿಸಿ ಅಪ್ಪನಿಗೆ ಸನ್ಮಾನ ಮಾಡಿದರು. ಇಡೀ ಕಣಿವೆ ಬಂದಿತ್ತು. ಅಮ್ಮ ಮಾತ್ರ ಹಲ್ಲುನೋವೆಂದು ಮನೆಯಲ್ಲೇ ಉಳಿದಳು. "ಊರೆಲ್ಲ ಬಂತು, ನನ್ನ ಹೆಂಡ್ತಿಗೆ ಅವತ್ತೇ ಹಲ್ಲು ನೋಯ್ಬೇಕಿತ್ತಾ!" ಅವಳು ತೀರಿಕೊಂಡು ಇಪ್ಪತ್ತಾರು ವರ್ಷವಾದರೂ ಈ ಮಾತು ನಿಂತಿರಲಿಲ್ಲ.

ಜನವರಿಯ ಕೊನೆಯ ವಾರ ಸಂಜೆಯ ಕಾಫಿ, ಬ್ರೆಡ್ಡು, ಜಾಮಿಗೆ ಕೂತಿದ್ದೆವು. ಸಿಲ್ವಿಯಾನ್ ಕೋಟೂ ಬಿಚ್ಚದೆ ಬಂದು ಕುಸಿದು ಕೂತಳು.

"ಅಜ್ಜಾ, ನಿನ್ನ ಹದಿಮೂರು ಮನೆಗೆ ಬರ್ತಿಲ್ಲ."

"ಏನಂದೆ?"

"ಸೊನ್ನೆಗೆ ಬರ್ತಿಲ್ಲ. ನಿಮಿಷದ ಮುಳ್ಳು ಸರಿಯಾಗಿ ಕೂರುತ್ತೆ. ಸೆಕೆಂಡಿನದು ಕೂದಲೆಳೆಯಷ್ಟು ಹಿಂದೆ ನಿಲ್ಲುತ್ತೆ. ಶಬ್ದಾನೂ ಎರಡು ಬರುತ್ತೆ, ಟಿ-ಟಿಕ್ ಅಂತ. ಮಾಡಿದ್ದು ಮೂವತ್ತು, ಮೂವತ್ತೂ ಹೀಗೇ."

"ಕೈ ನಡುಗಿರತ್ತೆ ನಿಮಗೆ. ಈಗಿನವರು ರಾತ್ರಿಯೆಲ್ಲ ಟೀವಿ ನೋಡ್ತೀರಿ."

"ಕೈಯಂತೆ ಕೈ! ಚೂರು ಕತ್ತರಿಸೋದು ಕಂಪ್ಯೂಟರ್ ಅಜ್ಜ, ನಾವಲ್ಲ. ನಕ್ಷೆಗೂ ಚೂರಿಗೂ ಒಂದಿಷ್ಟೂ ವ್ಯತ್ಯಾಸ ಇಲ್ಲ. ನಿಮ್ಮ ಕಾಲದಲ್ಲಿ ಇಷ್ಟು ಸರಿಯಾಗಿ ಯಾರೂ ಮಾಡ್ತಿರಲಿಲ್ಲ."

"ಹಾಗಾದ್ರೆ ಉಕ್ಕು ಕೆಟ್ಟದ್ದು."

"ಉಕ್ಕೂ ಪರೀಕ್ಷೆ ಆಯ್ತು."

"ಹಾಗಾದ್ರೆ ನಕ್ಷೆ ತಪ್ಪು ಅಂತೀಯೇನೇ?" ಅಪ್ಪ ಬಟ್ಟಲು ಕುಕ್ಕಿದ ರಭಸಕ್ಕೆ ಕಾಫಿ ಮೇಜಿನ ಬಟ್ಟೆಯ ಮೇಲೆ ಚೆಲ್ಲಿತು. ಎದ್ಮೆ ಸುಮ್ಮನೆ ಎದ್ದು ಒರೆಸಿದಳು. ಸಾಮಾನ್ಯವಾಗಿ ಇಂಥ ಹೊತ್ತಿಗೆ ಅವಳು "ಮಾವ, ಬಟ್ಟೆ ಒಗೆಯೋಳು ನಾನು" ಎಂದು ಕುಟುಕುತ್ತಿದ್ದಳು. ಅವತ್ತು ಕುಟುಕಲಿಲ್ಲ. ಬ್ರೆಡ್ಡನ್ನು ಎರಡು ಬೆರಳು ದಪ್ಪ ಕತ್ತರಿಸಿ ನನ್ನ ತಟ್ಟೆಗೆ ಹಾಕಿದಳು.

ಮರುದಿನ ಸಿಲ್ವಿಯಾನ್ ಒಂದು ಜೋಡಿಸಿದ ಯಂತ್ರ ಮತ್ತು ಒಂದು ಪೆಟ್ಟಿಗೆ ತಂದಳು. ಕಾರ್ಖಾನೆಯ ನಿರ್ದೇಶಕ ಶಾಪ್ವಿ ಅಪ್ಪನ ಸಲಹೆ ಕೇಳಿ ಕಳಿಸಿದ್ದ. ಪೆಟ್ಟಿಗೆಯಲ್ಲಿ ಹತ್ತು ಗುಳಿ. ಒಂದೊಂದು ಗುಳಿಯಲ್ಲೂ ಅಕ್ಕಿಕಾಳಿನಷ್ಟಿರುವ ಎರಡು ಮೂತಿಯ ಒಂದು ಸುತ್ತಿಗೆ, ಹೃದಯದ ಆಕಾರದ ಎರಡು ಪುಟ್ಟ ಬಿಲ್ಲೆ. ಗುಂಡಿ ಒತ್ತಿದಾಗ ಸುತ್ತಿಗೆಯ ಎರಡು ಮೂತಿಗಳು ಎರಡು ಬಿಲ್ಲೆಗಳನ್ನು ಹೊಡೆದು ಮುಳ್ಳುಗಳನ್ನು ಸೊನ್ನೆಗೆ ತಳ್ಳಬೇಕು. ದಪ್ಪ ಬೆರಳಿನವನಿಗೂ ಇಷ್ಟು ಗೊತ್ತಾಗುತ್ತದೆ.

ಅಪ್ಪ ಊಟದ ಮೇಜನ್ನು ಕಿಟಕಿಗೆ ಎಳೆದು, ತೊಲೆಯಿಂದ ದೀಪ ಇಳಿಬಿಟ್ಟು, ಭೂತಗನ್ನಡಿ ಕಣ್ಣಿಗೇರಿಸಿ ಕೂತರು. ಅಲ್ಲಿಗೆ ನಮ್ಮ ಊಟದ ವ್ಯವಸ್ಥೆ ಕುಲಗೆಟ್ಟಿತು. ಎರಡು ವಾರ ಸೂಪಿನ ಬಟ್ಟಲನ್ನು ತೊಡೆಯ ಮೇಲಿಟ್ಟುಕೊಂಡು ಕುಡಿದೆವು. ಮನೆಯೊಳಗೆ ವಾಶ್‌ರಾಂ ಚೀಸ್ ತೆಗೆಯುವಂತಿಲ್ಲ, ಜಿಡ್ಡು ಗಾಳಿಯಲ್ಲಿ ಹಾರಿ ಉಕ್ಕಿಗೆ ಅಂಟುತ್ತದಂತೆ! ವರ್ಷವಿಡೀ ಅದಕ್ಕೇ ಕಾಯುವ ನಾನು ಸೌದೆ ಕೊಟ್ಟಿಗೆಯಲ್ಲಿ ನಿಂತು, ಚೀಸಿಗೆ ಸುತ್ತಿದ ಸ್ಪ್ರೂಸ್ ಮರದ ತೊಗಟೆಯ ಪಟ್ಟಿ ಬಿಚ್ಚಿ, ಚಮಚದಲ್ಲಿ ಕದ್ದು ತಿಂದೆ. ಸಿಲ್ವಿಯಾನ್ ದಿನಾ ಬಂದು ಕೇಳುವಳು, "ಏನಾದ್ರೂ ಗೊತ್ತಾಯ್ತಾ?" ಅಪ್ಪ ದಿನಾ ಗದರುವರು, "ತಲೆ ತಿನ್ಬೇಡ, ಹೋಗು." ಒಮ್ಮೆ ಸುತ್ತಿಗೆ ಅಳೆಯುತ್ತಲೇ ನನ್ನತ್ತ ತಿರುಗಿ, "ನಿನ್ನಮ್ಮ ಹೊಳಪು ಕೊಟ್ಟ ಸುತ್ತಿಗೆ ಕನ್ನಡಿ ಥರ ಇರ್ತಿತ್ತು ಕಣೋ. ಹೊಳಪಷ್ಟೇ ಬಿಡು, ಕೆಲಸ ಮಾಡಿದ್ದು ನಕ್ಷೆ" ಎಂದರು. ಎದ್ಮೆ ಒಲೆಯ ಹತ್ತಿರ ಲೀಕ್ ಈರುಳ್ಳಿದಂಟು ಹೆಚ್ಚುತ್ತಿದ್ದಳು. ಚಾಕು ನಿಂತಿತು, ಮತ್ತೆ ನಡೆಯಿತು.

ನಾನು ಅವಳನ್ನು ಕೊಟ್ಟಿಗೆಗೆ ಕರೆದೆ, ಸೌದೆ ಎತ್ತಿಕೊಡು ಎಂಬ ನೆಪದಲ್ಲಿ.

"ಏನೇ ನಿಂದು? ಎರಡು ವಾರದಿಂದ ಬಾಯಿಗೆ ಬೀಗ ಹಾಕ್ಕೊಂಡಿದ್ದೀಯ."

"ಏನಿಲ್ಲ."

"ನಂಗೆ ಬೆರಳು ದಪ್ಪ, ಕಣ್ಣು ದಪ್ಪ ಅಲ್ಲ."

ಅವಳು ಸೌದೆಯನ್ನು ಎದೆಗವಚಿಕೊಂಡೇ ನಿಂತಳು. "ನಕ್ಷೆ ತಪ್ಪು ಮಾರಾಯ. ಮೊದಲ ದಿನದಿಂದ್ಲೂ ತಪ್ಪು."

"ಹುಚ್ಚಾ ನಿಂಗೆ? ಇಪ್ಪತ್ತಾರು ಸಾವಿರ—"

"ಅಷ್ಟನ್ನೂ ಈ ಮನೇಲಿ ತಿದ್ದಿದ್ವಿ. ಮೊದಲು ಅತ್ತೆ, ಆಮೇಲೆ ನಾನು. ಎರಡನೇ ಮೂತೀನ ನೇರ ಬಿಟ್ರೆ ನಿಮಿಷದ ಬಿಲ್ಲೆಗೆ ಪೆಟ್ಟು ಮೊದಲು ಬಿದ್ದು, ಸೆಕೆಂಡಿಂದು ಸೊನ್ನೆ ಮುಟ್ಟೋ ಮೊದಲೇ ನಿಲ್ಲುತ್ತೆ. ಮೂತೀನ ಒಂಚೂರು ಓರೆ ಮಾಡ್ಬೇಕು. ಹೊಳಪು ಕೊಡೋ ಜೆನ್ಶಿಯನ್ ಕಡ್ಡೀಲೇ ಮಾಡ್ತಿದ್ವಿ. ಹೊರಗಿನವರಿಗೆ ಬರೀ ಹೊಳಪು."

ನಾನು ಸೌದೆಯ ರಾಶಿಯ ಮೇಲೆ ಕೂತುಬಿಟ್ಟೆ. ಪ್ರತಿ ಸೆಪ್ಟೆಂಬರಿನಲ್ಲಿ ಮೇಲಿನ ಹುಲ್ಲುಗಾವಲಿಗೆ ಹೋಗಿ, ಒಣಗಿ ನಿಂತ ಜೆನ್ಶಿಯನ್ ಗಿಡದ ಕಾಂಡಗಳನ್ನು ಕೊಯ್ದು, ಕಟ್ಟು ಕಟ್ಟಿ ಒಲೆಯ ಮೇಲೆ ನೇತುಹಾಕಿದವನು ನಾನೇ. ಯಾತಕ್ಕೆಂದು ಕೇಳಿದವನಲ್ಲ. ಹದಿಮೂರರ ಸುತ್ತಿಗೆ ನಮ್ಮ ಮನೆಗಲ್ಲದೆ ಬೇರೆ ಯಾರ ಮನೆಗೂ ಯಾಕೆ ಹೋಗುತ್ತಿರಲಿಲ್ಲ ಎಂದೂ ಕೇಳಿರಲಿಲ್ಲ.

"ಅಪ್ಪನಿಗೆ ಹೇಳು."

"ಸಾಯೋ ಮುಂಚೆ ಅತ್ತೆ ನನ್ನ ಕೈ ಹಿಡ್ಕೊಂಡು ಮಾತು ತಗೊಂಡಿದ್ದಾರೆ. 'ಅವರಿಗೆ ಯಾವತ್ತೂ ಗೊತ್ತಾಗ್ಬಾರ್ದು, ಆ ಖಾಲಿ ಖಾನೆಯೇ ಅವರ ಜೀವ' ಅಂದ್ರು. ಎಂಬತ್ತು ವರ್ಷದ ಮನುಷ್ಯನಿಗೆ ನಾನು ಹೋಗಿ ಹೇಳ್ಲಾ, ನಿಮ್ಮ ಜೀವಮಾನದ ಕೆಲಸದಲ್ಲಿ ಲೋಪ ಇತ್ತು ಅಂತ? ನನ್ನಿಂದಾಗಲ್ಲ."

"ಹಾಗಾದ್ರೆ ಹದಿಮೂರು ಸಾಯುತ್ತೆ."

"ಅದೇ ಮಾರಾಯ, ನಿದ್ದೆ ಬರದೇ ಇರೋದು" ಎಂದಳು. ಕಣ್ಣೀರು ಸೌದೆಯ ಮೇಲೆ ಬಿತ್ತು.

ಆ ಶುಕ್ರವಾರ ಸಿಲ್ವಿಯಾನ್ ಅಳುತ್ತಾ ಬಂದಳು. ತಿಂಗಳೊಳಗೆ ಸರಿಯಾಗದಿದ್ದರೆ ಹದಿಮೂರನ್ನು ಕೈಬಿಟ್ಟು ಆರು ಜನರನ್ನೂ ಬೇರೆ ಕಡೆ ಹಾಕುವುದೆಂದು ಶಾಪ್ವಿ ಹೇಳಿದ್ದ. "ನಂಗೆ ಬ್ಯಾಟರಿ ಗಡಿಯಾರಕ್ಕೆ ಬ್ಯಾಟರಿ ಹಾಕೋ ಕೆಲಸ ಅಂತೆ ಅಮ್ಮ. ಅದಕ್ಕಾ ನಾನು ನಾಲ್ಕು ವರ್ಷ ಗಡಿಯಾರ ಶಾಲೇಲಿ ಓದಿದ್ದು? ಅಜ್ಜನ ಯಂತ್ರ ನನ್ನ ಕೈಯಲ್ಲಿ ಸಾಯ್ಬೇಕಾ?"

ಶನಿವಾರ ಅಪ್ಪ ಊಟದ ಮೇಲೆ ಒಂದು ನಿದ್ದೆ ತೆಗೆಯುವ ಹೊತ್ತು. ಎದ್ಮೆ ಬ್ರೆಡ್ಡಿನ ಡ್ರಾಯರಿನ ತಳದಿಂದ ಅಮ್ಮನ ಹಳೇ ಹಿತ್ತಾಳೆ ಹಲಗೆ ತೆಗೆದಳು. ಸುತ್ತಿಗೆ ಮತ್ತು ಬಿಲ್ಲೆಗಳನ್ನು ಅದರ ಮೇಲೆ ಕೂರಿಸಿ ಪರೀಕ್ಷಿಸಬಹುದು. ಅಪ್ಪನ ಪೆಟ್ಟಿಗೆಯಿಂದ ಒಂದು ಗುಳಿಯ ಚೂರುಗಳನ್ನು ಎತ್ತಿಕೊಂಡು, ಒಲೆಯ ಮೇಲಿನ ಹಳೇ ಕಟ್ಟಿನಿಂದ ಒಂದು ಜೆನ್ಶಿಯನ್ ಕಡ್ಡಿ ಎಳೆದು, ತುದಿ ಕೆತ್ತಿ, ಅಮ್ಮನ ಕುರ್ಚಿಯಲ್ಲಿ ಕೂತಳು. ಹೆಚ್ಚು ಹೊತ್ತೇನೂ ಆಗಲಿಲ್ಲ. ಮುಗಿಸಿ ಮಗಳ ಕೈಗಿಟ್ಟು, "ಸೋಮವಾರ ಇದನ್ನ ಹಾಕಿ ನೋಡು. ಏನೂ ಕೇಳ್ಬೇಡ" ಎಂದಳು. ಸಿಲ್ವಿಯಾನ್ ಅದನ್ನು ಕಾಗದದಲ್ಲಿ ಸುತ್ತಿ ಕೋಟಿನ ಜೇಬಿಗಿಟ್ಟುಕೊಂಡಳು.

ನಿದ್ದೆಯಿಂದ ಎದ್ದ ಅಪ್ಪ ಮನೆ ತಲೆಕೆಳಗು ಮಾಡಿದರು. "ಒಂಬತ್ತಿದೆ! ಹತ್ತಿತ್ತು, ಒಂಬತ್ತಿದೆ! ಫೆರ್ನಾನ್, ನೀನು ಪೇಪರ್ ಕೊಡವಿದ್ಯಾ ಇಲ್ಲಿ?"

"ನಾನ್ಯಾಕೆ ಕೊಡವಲಿ ಅಪ್ಪ?"

"ನಿನ್ನ ತೋಳಿಗೆ ಅಂಟಿಕೊಂಡಿರುತ್ತೆ, ಸ್ವೆಟರ್ ಬಿಚ್ಚು!" ಐವತ್ನಾಲ್ಕು ವರ್ಷದ ನಾನು ಬನಿಯನ್ನಿನಲ್ಲಿ ನಡುಗುತ್ತಾ ನಿಂತೆ. ಎದ್ಮೆ ಗೋಡೆ ಕಡೆ ತಿರುಗಿ ನಗು ನುಂಗಿದಳು. ಎರಡು ವಾರದಲ್ಲಿ ಅವಳು ನಕ್ಕಿದ್ದು ಅದೇ ಮೊದಲು, ಹಾಗಾಗಿ ನಾನು ಬೈಸಿಕೊಂಡದ್ದು ದಂಡವಾಗಲಿಲ್ಲ.

ಮುಂದಿನ ಶನಿವಾರ ಮಧ್ಯಾಹ್ನ ಬೇಯಿಸಿದ ಲೀಕ್, ಆಲೂಗಡ್ಡೆ, ಮೇಲೆ ದೊಡ್ಡ ಸಾಸೇಜ್ ಬಡಿಸುತ್ತಿರುವಾಗ ಬಾಗಿಲು ಬಡಿದ ಸದ್ದು. ನಿರ್ದೇಶಕ ಶಾಪ್ವಿ, ನಲವತ್ತು ತುಂಬದ ಲೊಸಾನ್ ಕಡೆಯ ನಯವಾದ ಮನುಷ್ಯ, ಕಂಕುಳಲ್ಲಿ ವೈನ್ ಬಾಟಲಿ ಇಟ್ಟುಕೊಂಡು ನಿಂತಿದ್ದ. ಅವನ ಹಿಂದೆ ಸಿಲ್ವಿಯಾನ್, ಮುಖ ಬಿಳಿಚಿಕೊಂಡಿತ್ತು.

"ಬೆರ್ನೆಯವರೇ, ಸಾಧಿಸಿಬಿಟ್ರಿ!" ಅವನು ಅಪ್ಪನ ಎರಡೂ ಕೈ ಹಿಡಿದು ಕುಲುಕಿದ. "ನಿಮ್ಮ ಮನೆಯಿಂದ ಬಂದ ಸುತ್ತಿಗೆ ಹಾಕಿದ್ವಿ. ಸಾವಿರ ಸಲ ಒತ್ತಿದ್ವಿ, ಸಾವಿರ ಸಲಾನೂ ಸೊನ್ನೆ! ಏನು ಮಾಡಿದ್ರಿ ಹೇಳಿ, ಸೋಮವಾರವೇ ಶುರು ಮಾಡ್ತೀವಿ."

ಅಪ್ಪ ಅವನು ತಂದಿದ್ದ ಯಂತ್ರ ತೆಗೆದುಕೊಂಡರು. ಗುಂಡಿ ಒತ್ತಿದರು. ಟಿಕ್. ಮೂರು ಸಲ ಒತ್ತಿದರು. ಭೂತಗನ್ನಡಿ ಏರಿಸಿ ಸುತ್ತಿಗೆಯನ್ನು ಬಹಳ ಹೊತ್ತು ನೋಡಿದರು. ಸಾಸೇಜಿನ ಹಬೆ ಆರಿಹೋಯಿತು.

"ಇದು ನನ್ನ ಕೈಯಲ್ಲ."

"ನಿಮ್ಮ ವಿನಯ—"

"ವಿನಯ ನಂಗಿಲ್ಲ, ಯಾರನ್ನ ಬೇಕಾದ್ರೂ ಕೇಳಿ. ಇನ್ನೊಬ್ಬರ ಕೆಲಸಾನ ನನ್ನದು ಅನ್ನೋನಲ್ಲ ನಾನು. ಕೂತ್ಕೊಳ್ಳಿ, ಊಟ ಮಾಡಿ. ಉತ್ತರ ಸೋಮವಾರ ಕೊಡ್ತೀನಿ."

ಶಾಪ್ವಿ ಎರಡು ತುತ್ತು ತಿಂದು, ನಮ್ಮೆಲ್ಲರ ಮುಖ ನೋಡಿ, ಕೆಲಸವಿದೆಯೆಂದು ಹೊರಟ. ಬಾಗಿಲು ಹಾಕಿಕೊಂಡ ಮೇಲೆ ಅಪ್ಪ ಕೇಳಿದರು.

"ಈ ಮನೇಲಿ ಜೆನ್ಶಿಯನ್ ಕಡ್ಡಿ ಹಿಡಿಯೋರು ಎಷ್ಟು ಜನ?"

"ನಾನೊಬ್ಬಳೇ ಮಾವ" ಎಂದಳು ಎದ್ಮೆ.

"ಯಾವಾಗಿಂದ ಮೂತಿ ಓರೆ ಮಾಡ್ತಿದ್ದೀಯ?"

"ಕಾರ್ಖಾನೆ ನಿಲ್ಲಿಸೋವರೆಗೂ ಮಾಡಿದೀನಿ. ಎಲ್ಲಾದಕ್ಕೂ."

"ನನ್ನ ನಕ್ಷೆ ಮೇಲೆ! ನನ್ನ ಮನೇಲಿ, ನನ್ನ ಬೆನ್ನ ಹಿಂದೆ! ಊರಲ್ಲೆಲ್ಲ ಖಾಲಿ ಖಾನೆ ಖಾಲಿ ಖಾನೆ ಅಂತ ಕೂಗ್ಕೊಂಡು ತಿರುಗ್ತಿದ್ನಲ್ಲ, ನೀವೆಲ್ಲ ಒಳಗೊಳಗೇ ನಗ್ತಿದ್ರಾ? ಯಾರು ಕೊಟ್ರು ನಿಂಗೆ ಅಧಿಕಾರ?"

"ಅಪ್ಪಾ, ಅವಳನ್ನ ಬೈಬೇಡಿ" ಎಂದೆ.

"ನೀನು ಸುಮ್ನಿರು, ನಿಂಗೇನು ಗೊತ್ತು!"

"ಅಮ್ಮ ಕಲಿಸಿದ್ದು ಅಪ್ಪಾ!" ನಾನೂ ಕೂಗಿದೆ. ಹೇಳಬಾರದಿತ್ತೇನೋ, ಆದರೆ ನನ್ನ ಹೆಂಡತಿ ಒಬ್ಬಳೇ ಬೈಸಿಕೊಳ್ಳುವುದನ್ನು ನೋಡಲಾಗಲಿಲ್ಲ. "ಶುರು ಮಾಡಿದ್ದು ಅಮ್ಮ!"

ಅಪ್ಪ ಕುರ್ಚಿಯ ಬೆನ್ನು ಹಿಡಿದುಕೊಂಡರು. ಎದ್ಮೆ ನನ್ನತ್ತ ಒಂದು ಸಲ ದುರುಗುಟ್ಟಿ, ಮಾವನ ಹತ್ತಿರ ಹೋಗಿ ನಿಂತು ಮೆಲ್ಲಗೆ ಹೇಳಿದಳು.

"ಹೇಳೋದಾದ್ರೆ ಪೂರ್ತಿ ಹೇಳ್ತೀನಿ ಮಾವ. ನಿಮ್ಮ ಸನ್ಮಾನದ ಮಾರನೇ ದಿನ, ಸೋಮವಾರ, ಮೊದಲ ಹತ್ತು ಯಂತ್ರ ಜಿನೀವಾಕ್ಕೆ ಹೋಗ್ಬೇಕಿತ್ತು. ಶನಿವಾರ ಕಾರ್ಖಾನೆ ಮೇಸ್ತ್ರಿ ನುಮಾ ಹತ್ತು ಸುತ್ತಿಗೆ ತಂದು ಅತ್ತೆ ಮುಂದೆ ಇಟ್ಟು, 'ಒಂದೂ ಸೊನ್ನೆಗೆ ಬರ್ತಿಲ್ಲ ಕ್ಲೆಮಾನ್ಸ್, ನಾಳೆ ಉಲಿಸ್‌ಗೆ ಸನ್ಮಾನ, ಹೇಗೆ ಹೇಳ್ಲಿ' ಅಂತ ತಲೆ ಮೇಲೆ ಕೈ ಹೊತ್ತು ಕೂತ್ರಂತೆ. 'ಹೇಳ್ಬೇಡ, ಬಿಟ್ಟು ಹೋಗು' ಅಂದ್ರಂತೆ ಅತ್ತೆ. ಭಾನುವಾರ ನೀವೆಲ್ಲ ಸರೋವರಕ್ಕೆ ಹೋದ ಮೇಲೆ ಈ ಕಿಟಕೀಲಿ ಕೂತು ಹತ್ತನ್ನೂ ಸರಿ ಮಾಡಿದ್ರು. ಬ್ಯಾಂಡಿನ ಶಬ್ದ ಇಲ್ಲೀವರೆಗೂ ಕೇಳ್ತಿತ್ತಂತೆ."

"ಹಲ್ಲುನೋವು" ಎಂದರು ಅಪ್ಪ.

"ಅತ್ತೆಗೆ ಸಾಯೋವರೆಗೂ ಒಂದು ಹಲ್ಲೂ ನೋಯ್ಲಿಲ್ಲ ಮಾವ."

ಅಪ್ಪ ತಟ್ಟೆ ಮುಟ್ಟದೆ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಭಾನುವಾರ ಬೆಳಿಗ್ಗೆ ಕಾಫಿಗೂ ಬರಲಿಲ್ಲ. ಎದ್ಮೆ ಮೂರು ಸಲ ಬಾಗಿಲ ಮುಂದೆ ಹೋಗಿ ಮೂರು ಸಲ ವಾಪಸ್ ಬಂದಳು. "ನಾನು ಮಾತು ಮುರಿದೆ, ಅವರನ್ನೂ ಮುರಿದೆ" ಎಂದಳು. ಸಿಲ್ವಿಯಾನ್ ಅವಳ ಹೆಗಲು ಹಿಡಿದು ಕೂತಿದ್ದಳು. ಹತ್ತು ಗಂಟೆಗೆ ಬಾಗಿಲು ತೆರೆಯಿತು. ಅಪ್ಪ ಕೋಟು, ಟೋಪಿ, ಬೂಟು ಹಾಕಿಕೊಂಡು ನಿಂತಿದ್ದರು.

"ಫೆರ್ನಾನ್, ನನ್ನ ಸರೋವರಕ್ಕೆ ಕರ್ಕೊಂಡು ಹೋಗು."

ಬಿಸಿಲು ಚೆನ್ನಾಗಿತ್ತು, ಹಿಮಗಡ್ಡೆಯ ಮೇಲೆ ಮಕ್ಕಳು ಮರಿಗಳೆಲ್ಲ ಜಾರಾಡುತ್ತಿದ್ದರು. ಅಪ್ಪ ನನ್ನ ತೋಳು ಹಿಡಿದು ನಿಧಾನ ನಡೆದು ಒಂದು ಕಡೆ ನಿಂತರು. "ಮೇಜು ಇಲ್ಲಿತ್ತು. ಬ್ಯಾಂಡು ಅಲ್ಲಿ." ಅಲ್ಲಿಂದ ತಿರುಗಿ ದಡದಾಚೆಗೆ ನೋಡಿದರು. ಇಳಿಜಾರಿನಲ್ಲಿ ನಮ್ಮ ಮನೆ, ಅಡುಗೆಮನೆಯ ಕಿಟಕಿ ಬಿಸಿಲಿಗೆ ಹೊಳೆಯುತ್ತಿತ್ತು.

"ಕಾಣುತ್ತಲ್ಲೋ ಇಲ್ಲಿಂದ" ಎಂದರು. "ಅವತ್ತು ಒಂದು ಸಲ ತಿರುಗಿ ನೋಡಿದ್ರೂ ಕಾಣ್ತಿತ್ತು." ಟೋಪಿ ತೆಗೆದು ಕೈಯಲ್ಲಿ ಹಿಡಿದರು. "ಮೂವತ್ಮೂರು ವರ್ಷ ಬೈದೆ ಕಣೋ ಅವಳನ್ನ. ಸತ್ತಮೇಲೂ ಬಿಡಲಿಲ್ಲ."

ಅಪ್ಪ ಅತ್ತದ್ದನ್ನು ನಾನು ಕಂಡದ್ದು ಅವತ್ತೊಂದೇ ಸಲ. ಕರವಸ್ತ್ರ ಕೊಟ್ಟೆ. ಗಟ್ಟಿಯಾಗಿ ಮೂಗು ಒರೆಸಿಕೊಂಡು, "ನಡಿ, ಹಸಿವಾಗ್ತಿದೆ" ಎಂದರು.

ಮನೆಗೆ ಬಂದವರೇ ಎದ್ಮೆಯ ಎದುರು ಕುರ್ಚಿ ಎಳೆದುಕೊಂಡು ಕೂತರು. "ಇನ್ನೂ ಒಂಬತ್ತು ಇದೆ. ನನ್ನ ಮುಂದೆ ಮಾಡು."

"ಮಾವ, ಮೊದಲು ಊಟ—"

"ಊಟ ಓಡಿಹೋಗಲ್ಲ. ಮಾಡು."

ಅವಳು ಕಡ್ಡಿಯ ತುದಿಗೆ ಮಸಿ ಬಣ್ಣದ ಪುಡಿ ಹಚ್ಚಿ, ಸುತ್ತಿಗೆಯನ್ನು ಕಾರ್ಕಿನ ಮೇಲಿಟ್ಟು ನಾಲ್ಕೈದು ಸಲ ಎಳೆದಳು. ಹಿತ್ತಾಳೆ ಹಲಗೆಗೆ ಕೂರಿಸಿ ಬೆರಳಿನಿಂದ ತಳ್ಳಿದಳು. ಟಿ-ಟಿಕ್. ತೆಗೆದು ಇನ್ನೆರಡು ಸಲ ಎಳೆದಳು. ಟಿಕ್. ಅಪ್ಪ ಕಣ್ಣು ಮುಚ್ಚಿ ಕೇಳುತ್ತಿದ್ದರು. "ಕೊಡು ಇಲ್ಲಿ" ಎಂದು ತಾವೂ ಮಾಡಲು ಹೋದರು. ಒಂದು ಕೆಟ್ಟಿತು. ಎರಡು ಕೆಟ್ಟಿತು. ಮೂರನೆಯದೂ ಕೆಟ್ಟಿತು.

"ನಿಮ್ಮ ಕೈ ತುಂಬಾ ನೇರ ಮಾವ" ಎಂದಳು ಎದ್ಮೆ.

ಅಪ್ಪ ಅವಳನ್ನು ನೋಡಿ, ಹಾಳಾದ ಮೂರು ಸುತ್ತಿಗೆಗಳನ್ನು ನೋಡಿ, ಹೊಟ್ಟೆ ಹಿಡಿದುಕೊಂಡು ನಕ್ಕರು. "ನನ್ನ ತಲೇನೂ ನೇರ ಕಣಮ್ಮ, ಅದಕ್ಕೇ ಮೂತೀನ ನೇರ ಬರೆದೆ! ಫೆರ್ನಾನ್, ಹೋಗು, ಆ ಕೊಟ್ಟಿಗೇಲಿ ಬಚ್ಚಿಟ್ಟಿರೋ ವಾಶ್‌ರಾಂ ತಗೊಂಡು ಬಾ. ನಿನ್ನ ಮೀಸೇಲಿ ವಾಸನೆ ಬರುತ್ತೆ, ನಂಗೇನು ಗೊತ್ತಿಲ್ಲ ಅನ್ಕೊಂಡ್ಯಾ?"

ಸೋಮವಾರ ಎಂಟರ ಬಸ್ಸಿನಲ್ಲಿ ಅಪ್ಪ, ಎದ್ಮೆ, ಸಿಲ್ವಿಯಾನ್ ಮೂವರೂ ನನ್ನ ಹಿಂದಿನ ಸೀಟಿನಲ್ಲಿ ಕೂತಿದ್ದರು. ಕಾರ್ಖಾನೆಯ ನಿಲ್ದಾಣದಲ್ಲಿ ನಾನು ಬಸ್ಸು ನಿಲ್ಲಿಸಿ, "ಹತ್ತು ನಿಮಿಷ ತಡವಾಗುತ್ತೆ, ಕ್ಷಮಿಸಿ" ಎಂದು ಪ್ರಯಾಣಿಕರಿಗೆ ಹೇಳಿ ಒಳಗೆ ಹೋದೆ. ಇಪ್ಪತ್ತೆಂಟು ವರ್ಷದ ನೌಕರಿಯಲ್ಲಿ ಹಾಗೆ ಮಾಡಿದ್ದು ಅವತ್ತೊಂದೇ ಸಲ.

ನಕ್ಷೆಯ ಕೋಣೆಯಲ್ಲಿ ಶಾಪ್ವಿ ಮತ್ತು ಅವನ ಎಂಜಿನಿಯರ್ ಇದ್ದರು. ಅಪ್ಪ ಹದಿಮೂರರ ಸುತ್ತಿಗೆಯ ಮೂಲ ನಕ್ಷೆ ತರಿಸಿದರು. ಹಳದಿಗಟ್ಟಿದ ಹಾಳೆ, ಬಲ ಮೂಲೆಯಲ್ಲಿ ಖಾಲಿ ಖಾನೆಗಳು. ಜೇಬಿನಿಂದ ತಮ್ಮ ಹಳೇ ನಕ್ಷೆ ಪೆನ್ನು ತೆಗೆದು ಎರಡನೇ ಮೂತಿಯ ಗೆರೆಯನ್ನು ಹೊಡೆದುಹಾಕಿ, ಪಕ್ಕದಲ್ಲಿ ಓರೆ ಗೆರೆ ಎಳೆದರು.

"ಎಷ್ಟು ಓರೆ ಬೆರ್ನೆಯವರೇ?" ಎಂಜಿನಿಯರ್ ಕೇಳಿದ. "ಅಳತೆ ಬೇಕಲ್ಲ."

"ನಿನ್ನೆ ಅಳೆದು ನೋಡ್ದೆ. ನನ್ನ ಸೊಸೆ ಮಾಡಿದ ಒಂದಕ್ಕೂ ಇನ್ನೊಂದಕ್ಕೂ ಹೊಂದಲ್ಲ. ಆಯಾ ಸುತ್ತಿಗೆಗೆ ಅದರದ್ದೇ ಬಿಲ್ಲೆಗಳ ಲೆಕ್ಕ." ಹಾಗೆಂದವರು ಅಳತೆಯ ಜಾಗದಲ್ಲಿ ಬರೆದರು: ಒಂದೇ ಶಬ್ದ ಬರುವವರೆಗೆ.

"ಅದನ್ನ ಕಂಪ್ಯೂಟರಿಗೆ ಹೇಗೆ ಹೇಳೋದು?"

"ಕಂಪ್ಯೂಟರಿಗೆ ಹೇಳ್ಬೇಡ, ಇವಳನ್ನ ಕೇಳು. ಆರು ಜನಕ್ಕೂ ಇವಳೇ ಕಲಿಸ್ತಾಳೆ. ಮನೇಲಲ್ಲ, ಇಲ್ಲಿ, ದೊಡ್ಡ ಕಿಟಕಿ ಪಕ್ಕ, ಹೆಸರು ಬರೆದ ಕುರ್ಚೀಲಿ."

ಶಾಪ್ವಿ ಎದ್ಮೆಯ ಕಡೆ ತಿರುಗಿ ತಲೆಬಾಗಿದ. ಅವಳು ಕೆಂಪಾಗಿ, ನನ್ನ ತೋಳನ್ನು ಚಿವುಟಿದಳು. ಅಪ್ಪ ಬಲ ಮೂಲೆಗೆ ಬಂದರು. ತಿದ್ದುಪಡಿ ಒಂದು: ಎರಡನೇ ಮೂತಿ ಓರೆ. ತಿದ್ದಿದವರು ಎಂಬ ಖಾನೆ ಚಿಕ್ಕದು, ಇರುವೆಯಂಥ ಅಕ್ಷರಗಳಲ್ಲಿ ಎರಡು ಸಾಲು ಬರೆದರು. ಕ್ಲೆಮಾನ್ಸ್ ಬೆರ್ನೆ. ಕೆಳಗೆ, ಎದ್ಮೆ ಬೆರ್ನೆ. ಶಾಯಿ ಒಣಗಲೆಂದು ಕಾದು, ಕೊನೆಯ ಖಾನೆಯಲ್ಲಿ ತಾರೀಕು ಬರೆದರು: ಭಾನುವಾರ, 7 ಫೆಬ್ರವರಿ 1954.

"ಇವತ್ತಿನ ತಾರೀಕು ಹಾಕ್ಬೇಕಲ್ವಾ?" ಎಂದ ಎಂಜಿನಿಯರ್.

"ತಿದ್ದಿದ ದಿನ ಹಾಕ್ಬೇಕು ಅಂತ ನಿಯಮ. ತಿದ್ದಿದ್ದು ಅವತ್ತು."

ಅವನು ಬಗ್ಗಿ ಓದಿದ. "ಭಾನುವಾರನಾ? ಅವತ್ತು ಎಲ್ಲರಿಗೂ ರಜಾ ಇರುತ್ತಲ್ಲ ಬೆರ್ನೆಯವರೇ."

ಅಪ್ಪ ಪೆನ್ನಿಗೆ ಮುಚ್ಚಳ ಹಾಕಿ ಜೇಬಿಗಿಟ್ಟುಕೊಂಡರು.

"ನಾವೆಲ್ಲ ಸರೋವರದ ಮೇಲೆ ಕುಣೀತಿದ್ವಿ. ನನ್ನ ಹೆಂಡ್ತಿ ಕೆಲಸ ಮಾಡ್ತಿದ್ಲು" ಎಂದರು.